ರಕ್ತದೊತ್ತಡದ ಪರಾವರ್ತಿತ ನಿಯಂತ್ರಣ: ಅಳತೆಯ ವಿಧಾನಗಳು

ಮಲಗಿದ್ದವರು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಎದೆಯ ಭಾಗದಿಂದ ಹೊಟ್ಟೆಗೂ ಕಾಲುಗಳಿಗೂ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಅದು ಹೊರದೂಡುವ ರಕ್ತವೂ ತಗ್ಗುತ್ತದೆ. ಆದರೂ ಆರೋಗ್ಯವಂತರು ಬವಳಿ ಬಂದು ಬೀಳುವುದಿಲ್ಲ. ಅರ್ಧ ನಿಮಿಷದೊಳಗೆ ಒತ್ತಡ ಹಿಂದಿನ ಮಟ್ಟದ ಹತ್ತಿರ ಬಂದು ನಿಂತಿರುತ್ತದೆ. ಈ ಕೆಲಸ ಮಾಡುವುದು ಬ್ಯಾರೋರಿಫ್ಲೆಕ್ಸ್ ಎಂಬ ಪರಾವರ್ತಿತ ಕ್ರಿಯೆ. ಇದು ಎಷ್ಟು ಚುರುಕಾಗಿದೆ, ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಎಂಬುದನ್ನು ತಿಳಿಯಲು ಕಳೆದ ಆರೇಳು ದಶಕಗಳಲ್ಲಿ ಹಲವು ವಿಧಾನಗಳು ರೂಢಿಗೆ ಬಂದಿವೆ. ಇವುಗಳಲ್ಲಿ ಯಾವುದೂ ಇಡೀ ವ್ಯವಸ್ಥೆಯನ್ನು ಒಮ್ಮೆಗೇ ಅಳೆಯುವುದಿಲ್ಲ. ಬಹುಪಾಲು ವಿಧಾನಗಳು ಹೃದಯದ ಬಡಿತವನ್ನು ನೋಡುತ್ತವೆ, ಏಕೆಂದರೆ ಅದನ್ನು ದಾಖಲಿಸುವುದು ಸುಲಭ. ಆದರೆ ನಿಂತ ಮನುಷ್ಯನ ಒತ್ತಡವನ್ನು ಕಾಯುವ ಮುಖ್ಯ ಹೊಣೆ ರಕ್ತನಾಳಗಳದು. ಅಳೆಯಲು ಸುಲಭವಾದದ್ದಕ್ಕೂ ಅಳೆಯಬೇಕಾದದ್ದಕ್ಕೂ ನಡುವಿನ ಈ ಅಂತರ ಈ ಕ್ಷೇತ್ರದ ಉದ್ದಕ್ಕೂ ಕಾಣುತ್ತದೆ.

ಕ್ರಿಯೆಯ ಹಾದಿ

ಒತ್ತಡವನ್ನು ಗ್ರಹಿಸುವ ನರತುದಿಗಳು ಮುಖ್ಯವಾಗಿ ಎರಡು ಕಡೆ ಇವೆ. ಒಂದು, ಕುತ್ತಿಗೆಯಲ್ಲಿ ಕೆರೋಟಿಡ್ ಅಪಧಮನಿ ಕವಲೊಡೆಯುವಲ್ಲಿ ತುಸು ಉಬ್ಬಿಕೊಂಡಿರುವ ಕೆರೋಟಿಡ್ ಸೈನಸ್. ಇನ್ನೊಂದು, ಹೃದಯದಿಂದ ಹೊರಟ ಮಹಾಪಧಮನಿಯ ಕಮಾನು. ಈ ನರತುದಿಗಳು ಗುರುತಿಸುವುದು ನೇರವಾಗಿ ಒತ್ತಡವನ್ನಲ್ಲ, ಒತ್ತಡದಿಂದ ರಕ್ತನಾಳದ ಗೋಡೆ ಹಿಗ್ಗುವುದನ್ನು. ವಯಸ್ಸಾದಂತೆ ಗೋಡೆ ಗಡುಸಾದರೆ ನರ ಚೆನ್ನಾಗಿದ್ದರೂ ಸುದ್ದಿ ಮಂದವಾಗುವುದು ಇದೇ ಕಾರಣಕ್ಕೆ. ಹಿಗ್ಗುವಿಕೆಯನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದರಲ್ಲಿ ಪೀಜೋ-1 ಮತ್ತು ಪೀಜೋ-2 ಎಂಬ ಪ್ರೋಟೀನುಗಳ ಪಾತ್ರವಿದೆ ಎಂದು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿದುಬಂತು. ಈ ಪ್ರೋಟೀನುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಪ್ರಶಸ್ತಿಯನ್ನು ಡೇವಿಡ್ ಜೂಲಿಯಸ್ ಜೊತೆ ಹಂಚಿಕೊಂಡರು.

ಕೆರೋಟಿಡ್ ಸೈನಸ್ಸಿನ ಸುದ್ದಿ ಒಂಬತ್ತನೆಯ ಕಪಾಲ ನರದ ಮೂಲಕ, ಮಹಾಪಧಮನಿಯದು ಹತ್ತನೆಯದಾದ ವೇಗಸ್ ನರದ ಮೂಲಕ ಮೆದುಳಿನ ಬುಡದಲ್ಲಿರುವ ಮೆಡುಲ್ಲಾಕ್ಕೆ ತಲುಪುತ್ತದೆ. ಅಲ್ಲಿಂದ ಆಜ್ಞೆ ಎರಡು ದಾರಿಯಲ್ಲಿ ಹೊರಡುತ್ತದೆ. ವೇಗಸ್ ನರ ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ಸಿಂಪಥೆಟಿಕ್ ನರಗಳು ಬಡಿತವನ್ನು ಹೆಚ್ಚಿಸಿ, ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ. ಒತ್ತಡ ಏರಿದರೆ ಮೊದಲನೆಯದು ಜೋರಾಗಿ ಎರಡನೆಯದು ತಗ್ಗುತ್ತದೆ, ಇಳಿದರೆ ಇದಕ್ಕೆ ತಿರುವುಮುರುವು. ವೇಗಸ್ ನರದ ಪರಿಣಾಮ ಒಂದು ಸೆಕೆಂಡಿನೊಳಗೆ, ಎಷ್ಟೋ ಸಲ ಅದೇ ಬಡಿತದಲ್ಲಿ ಕಾಣುತ್ತದೆ. ಸಿಂಪಥೆಟಿಕ್ ನರದ್ದು ಕಾಣಿಸಲು ಹಲವು ಸೆಕೆಂಡು ಬೇಕು. ಈ ವೇಗದ ವ್ಯತ್ಯಾಸ ಮುಂದಿನ ಎಲ್ಲ ವಿಧಾನಗಳಿಗೂ ಮುಖ್ಯ: ಒತ್ತಡ ಬದಲಾದ ಎರಡು ಮೂರು ಬಡಿತಗಳಲ್ಲೇ ಉತ್ತರವನ್ನು ಓದುವ ಪರೀಕ್ಷೆ ಬಹುಮಟ್ಟಿಗೆ ವೇಗಸ್ ನರದ ಪರೀಕ್ಷೆಯಾಗಿರುತ್ತದೆ.

ಇವಲ್ಲದೆ ಹೃದಯದ ಹೃತ್ಕರ್ಣಗಳಲ್ಲೂ ಶ್ವಾಸಕೋಶದ ರಕ್ತನಾಳಗಳಲ್ಲೂ ರಕ್ತದ ತುಂಬುವಿಕೆಯನ್ನು ಗ್ರಹಿಸುವ ಗ್ರಾಹಕಗಳಿವೆ. ಹೃತ್ಕರ್ಣದ ಗ್ರಾಹಕಗಳನ್ನು ಒಂದೊಂದೇ ನರತಂತುವಿನ ಮಟ್ಟದಲ್ಲಿ ದಾಖಲಿಸಿ, ಎ ಮತ್ತು ಬಿ ಎಂದು ವಿಂಗಡಿಸಿದವರು ಭಾರತದ ಶರೀರಕ್ರಿಯಾ ವಿಜ್ಞಾನಿ ಅವತಾರ್ ಸಿಂಗ್ ಪೈಂಟಲ್. 1950ರ ದಶಕದ ಅವರ ಆ ಕೆಲಸ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ಪ್ರಾಣಿಪ್ರಯೋಗದಿಂದ ಮನುಷ್ಯನ ಪರೀಕ್ಷೆಗೆ

ಒತ್ತಡ ಏರಿದಾಗ ನಾಡಿ ನಿಧಾನವಾಗುತ್ತದೆ ಎಂಬುದನ್ನು 19ನೆಯ ಶತಮಾನದ ಮಧ್ಯಭಾಗದಲ್ಲಿ ಫ್ರಾನ್ಸಿನ ಎಟಿಯೆನ್-ಜೂಲ್ ಮರೆ ನಿಯಮವಾಗಿ ಹೇಳಿದ್ದರು. 1866ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ಮತ್ತು ಅವರ ಸಹೋದ್ಯೋಗಿ ಎಲಿ ಸಿಯಾನ್ ಮೊಲದ ಕುತ್ತಿಗೆಯಲ್ಲಿ ಒಂದು ತೆಳು ನರವನ್ನು ಪ್ರಚೋದಿಸಿ, ಒತ್ತಡ ಇಳಿಯುವುದನ್ನು ತೋರಿಸಿದರು. ಅದು ಮಹಾಪಧಮನಿಯಿಂದ ಬರುವ ಸಂವೇದನಾ ನರ. ಕುತ್ತಿಗೆಯನ್ನು ಒತ್ತಿದಾಗ ನಾಡಿ ನಿಧಾನವಾಗುವುದಕ್ಕೆ ವೇಗಸ್ ನರ ನೇರವಾಗಿ ಹಿಚುಕಿಹೋಗುವುದೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಕಾರಣ ಕೆರೋಟಿಡ್ ಸೈನಸ್ಸಿನ ಗೋಡೆಯಲ್ಲಿದೆ ಎಂದು 1920ರ ದಶಕದಲ್ಲಿ ಹೈನ್ರಿಶ್ ಎವಾಲ್ಡ್ ಹೆರಿಂಗ್ ಸಾಬೀತು ಮಾಡಿದರು. ಬೆಲ್ಜಿಯಂನ ಕಾರ್ನೆಲ್ ಹೇಮನ್ಸ್ ಅದೇ ಪ್ರದೇಶ ಉಸಿರಾಟದ ನಿಯಂತ್ರಣದಲ್ಲೂ ಪಾಲ್ಗೊಳ್ಳುವುದನ್ನು ತೋರಿಸಿ 1938ರ ನೊಬೆಲ್ ಪಡೆದರು.

ಪ್ರಾಣಿಗಳಲ್ಲಿ ಸೈನಸ್ಸನ್ನು ಉಳಿದ ರಕ್ತಪರಿಚಲನೆಯಿಂದ ಬೇರ್ಪಡಿಸಿ, ಅದರೊಳಗಿನ ಒತ್ತಡವನ್ನು ಮಾತ್ರ ಹಂತಹಂತವಾಗಿ ಏರಿಸುತ್ತ, ದೇಹದ ಒತ್ತಡ ಹೇಗೆ ಬದಲಾಗುತ್ತದೆಂದು ನೋಡಬಹುದು. ಹಾಗೆ ಮಾಡಿದಾಗ ಸಿಗುವುದು ಇಂಗ್ಲಿಷ್ ಎಸ್ ಅಕ್ಷರದಂಥ ವಕ್ರರೇಖೆ. ಸುಮಾರು 60 ಮಿ.ಮೀ. ಪಾದರಸದ ಕೆಳಗೆ ಗ್ರಾಹಕಗಳು ಮೌನ, 180ರ ಸುಮಾರಿಗೆ ಅವುಗಳ ಉತ್ತರ ತುಟ್ಟತುದಿ ಮುಟ್ಟುತ್ತದೆ. ನಡುವಿನ ಕಡಿದಾದ ಭಾಗದಲ್ಲಿ ಕ್ರಿಯೆಯ ಚುರುಕು ಅತಿ ಹೆಚ್ಚು.

ಮನುಷ್ಯನಲ್ಲಿ ಇಂಥ ಬೇರ್ಪಡಿಕೆ ಸಾಧ್ಯವಿಲ್ಲ. ಇಲ್ಲಿ ಒತ್ತಡ ಬಡಿತವನ್ನು ಬದಲಿಸುತ್ತದೆ, ಬದಲಾದ ಬಡಿತ ಮತ್ತೆ ಒತ್ತಡವನ್ನು ಬದಲಿಸುತ್ತದೆ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದೇ ಕಷ್ಟ. ಮುಂದೆ ಹೇಳುವ ಪ್ರತಿಯೊಂದು ವಿಧಾನವೂ ಈ ಸುತ್ತನ್ನು ಯಾವುದೋ ಒಂದು ಕಡೆ ತುಂಡರಿಸುವ ಪ್ರಯತ್ನ. ಎಲ್ಲಿ ತುಂಡರಿಸುತ್ತದೆ ಎಂಬುದರ ಮೇಲೆ ಅದರ ಬಲವೂ ಮಿತಿಯೂ ನಿಂತಿವೆ.

ಆಕ್ಸ್‌ಫರ್ಡ್ ವಿಧಾನ

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಸ್ಮಿತ್, ಪೀಟರ್ ಸ್ಲೈಟ್ ಮತ್ತು ಜಾರ್ಜ್ ಪಿಕರಿಂಗ್ 1969ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ನಿದ್ದೆಯಲ್ಲಿ ಒತ್ತಡದ ನಿಯಂತ್ರಣ. ಮಲಗಿದವರನ್ನು ಎಚ್ಚರಿಸದೆ ಬ್ಯಾರೋರಿಫ್ಲೆಕ್ಸನ್ನು ಅಳೆಯುವ ದಾರಿ ಅವರಿಗೆ ಬೇಕಿತ್ತು. ರಕ್ತನಾಳಗಳನ್ನು ಬಿಗಿಗೊಳಿಸುವ ಆಂಜಿಯೋಟೆನ್ಸಿನ್ ಔಷಧವನ್ನು ಅಭಿಧಮನಿಗೆ ಚುಚ್ಚಿ, ಒತ್ತಡ ಏರುತ್ತಿರುವಾಗ ಒಂದೊಂದು ಬಡಿತದ ಸಂಕೋಚನ ಒತ್ತಡವನ್ನೂ ಅದರ ಮುಂದಿನ ಬಡಿತದ ಅಂತರವನ್ನೂ ಗ್ರಾಫಿನ ಮೇಲೆ ಗುರುತಿಸಿದರು. ಬಿಂದುಗಳು ಬಹುಪಾಲು ನೇರ ಗೆರೆಯಲ್ಲಿ ಬಿದ್ದವು. ಆ ಗೆರೆಯ ಇಳಿಜಾರೇ ಬ್ಯಾರೋರಿಫ್ಲೆಕ್ಸ್ ಸೂಕ್ಷ್ಮತೆಯ ಅಳತೆಯಾಯಿತು.

ಲೆಕ್ಕ ಸರಳ. ಒತ್ತಡ 120ರಿಂದ 140 ಮಿ.ಮೀ.ಗೆ ಏರುವಷ್ಟರಲ್ಲಿ ಬಡಿತದ ಅಂತರ 800 ಮಿಲಿಸೆಕೆಂಡಿನಿಂದ 1080ಕ್ಕೆ ಹಿಗ್ಗಿತು ಎನ್ನೋಣ, ಅಂದರೆ ನಾಡಿ ನಿಮಿಷಕ್ಕೆ 75ರಿಂದ ಸುಮಾರು 56ಕ್ಕೆ ಇಳಿಯಿತು. 20 ಮಿ.ಮೀ.ಗೆ 280 ಮಿಲಿಸೆಕೆಂಡು. ಸೂಕ್ಷ್ಮತೆ ಪ್ರತಿ ಮಿ.ಮೀ.ಗೆ 14 ಮಿಲಿಸೆಕೆಂಡು. ಯುವಕರಲ್ಲಿ ಇಷ್ಟು ಬರುವುದು ಸಾಮಾನ್ಯ. ವಯಸ್ಸಾದಂತೆ ಇದು ಇಳಿಯುತ್ತದೆ, ಅಧಿಕ ರಕ್ತದೊತ್ತಡ ಇರುವವರಲ್ಲಿ ಇನ್ನಷ್ಟು ಇಳಿದಿರುತ್ತದೆ. ಈ ಎರಡನ್ನೂ ಅದೇ ಆಕ್ಸ್‌ಫರ್ಡ್ ಗುಂಪು 1969 ಮತ್ತು 1971ರಲ್ಲಿ ತೋರಿಸಿತು.

ಆಂಜಿಯೋಟೆನ್ಸಿನ್ ಮೆದುಳಿನ ಮೇಲೂ ಪರಿಣಾಮ ಬೀರುವುದರಿಂದ ಅದರ ಜಾಗಕ್ಕೆ ಫಿನೈಲ್‌ಎಫ್ರಿನ್ ಬಂತು. ಒತ್ತಡ ಏರಿದಾಗಿನ ಉತ್ತರಕ್ಕೂ ಇಳಿದಾಗಿನ ಉತ್ತರಕ್ಕೂ ವ್ಯತ್ಯಾಸವಿದೆ ಎಂದು ತಿಳಿದ ಮೇಲೆ ಪರಿಷ್ಕೃತ ವಿಧಾನ ರೂಢಿಯಾಯಿತು. ಅದರಲ್ಲಿ ಮೊದಲು ನೈಟ್ರೋಪ್ರಸೈಡ್ ಕೊಟ್ಟು ಒತ್ತಡವನ್ನು ಇಳಿಸುತ್ತಾರೆ, ಸುಮಾರು ಒಂದು ನಿಮಿಷದ ಬಳಿಕ ಫಿನೈಲ್‌ಎಫ್ರಿನ್ ಕೊಟ್ಟು ಏರಿಸುತ್ತಾರೆ. ಒಂದೇ ಓಟದಲ್ಲಿ ವಕ್ರರೇಖೆಯ ಎರಡೂ ಕಡೆ ಸಿಗುತ್ತದೆ.

ಕಾರಣ ಮೊದಲು, ಪರಿಣಾಮ ಆಮೇಲೆ ಎಂಬ ಕ್ರಮ ಇಲ್ಲಿ ಖಚಿತ. ಒತ್ತಡವನ್ನು ಬದಲಿಸಿದ್ದು ಪರೀಕ್ಷಕರು, ಹೃದಯವಲ್ಲ. ಹಾಗಾಗಿ ಇಂದಿಗೂ ಹೊಸ ವಿಧಾನಗಳನ್ನೆಲ್ಲ ಇದರೊಂದಿಗೆ ಹೋಲಿಸಿಯೇ ಒಪ್ಪುವುದು. ಆದರೆ ಔಷಧಗಳು ರಕ್ತನಾಳದ ಗೋಡೆಯ ಬಿಗಿಯನ್ನೇ ಬದಲಿಸಬಲ್ಲವು, ಚುಚ್ಚುಮದ್ದು ಬೇಕು, ತಜ್ಞರು ಪಕ್ಕದಲ್ಲಿರಬೇಕು. ಇನ್ನೊಂದು ಎಚ್ಚರಿಕೆಯನ್ನು ಅನೇಕ ವರದಿಗಳು ಮರೆಯುತ್ತವೆ. ಬಡಿತದ ಅಂತರವೂ ನಾಡಿಯ ವೇಗವೂ ವಿಲೋಮ ಸಂಬಂಧದವು. ವಿಶ್ರಾಂತಿಯಲ್ಲಿ ನಾಡಿ ನಿಧಾನವಾಗಿರುವವರಲ್ಲಿ ನಾಡಿಯ ಅಷ್ಟೇ ಬದಲಾವಣೆಯೂ ಮಿಲಿಸೆಕೆಂಡಿನ ಲೆಕ್ಕದಲ್ಲಿ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಆರಂಭದ ನಾಡಿಯನ್ನು ಹೇಳದೆ ಇಬ್ಬರ ಅಂಕಿಗಳನ್ನು ಹೋಲಿಸುವುದು ಸರಿಯಲ್ಲ.

ಕುತ್ತಿಗೆಯ ಕವಚ

ಬ್ರಿಟನ್ನಿನ ವಾಯುಯಾನ ವೈದ್ಯಕೀಯದ ಸಂಶೋಧಕರಾದ ಅರ್ನ್‌ಸ್ಟಿಂಗ್ ಮತ್ತು ಪ್ಯಾರಿ 1957ರಲ್ಲಿ ಕುತ್ತಿಗೆಯ ಸುತ್ತ ಗಾಳಿ ಸೋರದ ಕವಚ ಕಟ್ಟಿ, ಒಳಗಿನ ಗಾಳಿಯನ್ನು ಹೀರಿದರು. ಕುತ್ತಿಗೆಯ ಹೊರಗೆ ಒತ್ತಡ ತಗ್ಗಿದಾಗ ಕೆರೋಟಿಡ್ ಸೈನಸ್ಸಿನ ಗೋಡೆ ಹೊರಕ್ಕೆ ಹಿಗ್ಗುತ್ತದೆ, ಮೆದುಳು ಒತ್ತಡ ಏರಿತೆಂದು ತಿಳಿಯುತ್ತದೆ. ಕವಚದೊಳಗೆ ಗಾಳಿ ತುಂಬಿದರೆ ಒತ್ತಡ ಇಳಿದಂತೆ. 1975ರಲ್ಲಿ ಅಮೆರಿಕದ ಡ್ವೈನ್ ಎಕ್‌ಬರ್ಗ್ ಮತ್ತು ಸಂಗಡಿಗರು ಕುತ್ತಿಗೆಯ ಮುಂಭಾಗಕ್ಕಷ್ಟೇ ಹೊಂದುವ ಹಗುರ ಕವಚವನ್ನು ರೂಪಿಸಿದ ಮೇಲೆ ಇದು ಹಲವು ಪ್ರಯೋಗಾಲಯಗಳಿಗೆ ಹಬ್ಬಿತು. ವ್ಯಕ್ತಿ ಉಸಿರು ಹಿಡಿದಿರುವಾಗ ಒಂದೊಂದು ಬಡಿತಕ್ಕೆ ಒಂದೊಂದು ಮೆಟ್ಟಿಲಿನಂತೆ ಕವಚದ ಒತ್ತಡವನ್ನು ಇಳಿಸುತ್ತ ಹೋದರೆ ಹತ್ತಾರು ಸೆಕೆಂಡಿನಲ್ಲಿ ಇಡೀ ಎಸ್ ಆಕಾರದ ರೇಖೆ ಮೂಡುತ್ತದೆ.

ಔಷಧ ಬೇಡ, ರೇಖೆಯ ಪೂರ್ಣ ಹರವು ಸಿಗುತ್ತದೆ, ರಕ್ತನಾಳಗಳ ಉತ್ತರವನ್ನೂ ನೋಡಬಹುದು. ಕೊರತೆಯೆಂದರೆ ಕವಚದ ಒತ್ತಡ ಪೂರ್ತಿಯಾಗಿ ಸೈನಸ್ಸಿಗೆ ದಾಟುವುದಿಲ್ಲ. ದೇಹದ ಒತ್ತಡ ನಿಜವಾಗಿ ಬದಲಾದ ಕೂಡಲೇ ಮಹಾಪಧಮನಿಯ ಗ್ರಾಹಕಗಳು ಎದುರು ನಿಂತು ಪರಿಣಾಮವನ್ನು ತಗ್ಗಿಸುತ್ತವೆ.

ಹಾಸಿಗೆಯ ಪಕ್ಕದಲ್ಲಿ ಕುತ್ತಿಗೆಯ ಮೇಲೆ ಬೆರಳಿಟ್ಟು ಉಜ್ಜುವ ಸೈನಸ್ ಮಸಾಜ್ ಇದೇ ತತ್ತ್ವದ ಒರಟು ರೂಪ. ಅದರ ಉದ್ದೇಶ ಬೇರೆ: 40 ದಾಟಿದವರು ಕಾರಣವಿಲ್ಲದೆ ಮೂರ್ಛೆ ಹೋಗುತ್ತಿದ್ದರೆ ಅತಿಸೂಕ್ಷ್ಮ ಸೈನಸ್ ಇದೆಯೇ ಎಂದು ನೋಡುವುದು. ಹೃದಯ 3 ಸೆಕೆಂಡು ಅಥವಾ ಹೆಚ್ಚು ನಿಂತರೆ, ಇಲ್ಲವೇ ಸಂಕೋಚನ ಒತ್ತಡ 50 ಮಿ.ಮೀ. ಅಥವಾ ಹೆಚ್ಚು ಕುಸಿದರೆ ಅದನ್ನು ಅಸಹಜವೆನ್ನುತ್ತಾರೆ. ಇತ್ತೀಚೆಗೆ ಪಾರ್ಶ್ವವಾಯು ಆದವರಲ್ಲಿ, ಕೆರೋಟಿಡ್ ಅಪಧಮನಿ ಕಟ್ಟಿಕೊಂಡಿರುವವರಲ್ಲಿ ಇದನ್ನು ಮಾಡಬಾರದು. ಮನೆಯಲ್ಲಿ ಯಾರೂ ತಾವೇ ಪ್ರಯತ್ನಿಸಲೇಬಾರದು.

ಬೆರಳಿನ ಪಟ್ಟಿಯಿಂದ ಬಂದ ಬದಲಾವಣೆ

ಪ್ರತಿ ಬಡಿತದ ಒತ್ತಡ ತಿಳಿಯಬೇಕಾದರೆ ಹಿಂದೆ ಅಪಧಮನಿಯೊಳಗೆ ಕೊಳವೆ ತೂರಿಸಲೇಬೇಕಿತ್ತು. ಜೆಕೊಸ್ಲೊವಾಕಿಯಾದ ಯಾನ್ ಪೆನ್ಯಾಜ್ 1973ರಲ್ಲಿ ಬೇರೊಂದು ಉಪಾಯ ಮುಂದಿಟ್ಟರು. ಬೆರಳಿಗೆ ಸಣ್ಣ ಗಾಳಿಪಟ್ಟಿ ಸುತ್ತಿ, ಬೆಳಕಿನ ಸಂವೇದಕದಿಂದ ಬೆರಳಿನ ಅಪಧಮನಿಯ ಗಾತ್ರವನ್ನು ಗಮನಿಸುತ್ತ, ಆ ಗಾತ್ರ ಕ್ಷಣವೂ ಬದಲಾಗದಂತೆ ಪಟ್ಟಿಯ ಒತ್ತಡವನ್ನು ಏರಿಳಿಸುವುದು. ಹಾಗೆ ಮಾಡಿದಾಗ ಪಟ್ಟಿಯ ಒತ್ತಡವೇ ಅಪಧಮನಿಯ ಒತ್ತಡ. ನೆದರ್‌ಲೆಂಡ್ಸಿನ ಕರೆಲ್ ವೆಸೆಲಿಂಗ್ ಇದನ್ನು ಫಿನಾಪ್ರೆಸ್ ಎಂಬ ಉಪಕರಣವಾಗಿ ಬೆಳೆಸಿದರು. ಚುಚ್ಚದೆ, ನೋಯಿಸದೆ ಗಂಟೆಗಟ್ಟಲೆ ಒತ್ತಡ ಬರೆದುಕೊಳ್ಳುವುದು ಸಾಧ್ಯವಾಯಿತು. ಬೆರಳು ತಣ್ಣಗಾಗಿದ್ದರೆ ಮಾತ್ರ ದಾಖಲೆ ಕೆಡುತ್ತದೆ. ಪ್ರಯೋಗಾಲಯದವರು ಮೊದಲು ಕೈ ಬೆಚ್ಚಗೆ ಮಾಡಿಸುವುದು ಇದಕ್ಕೇ.

ದಾಖಲೆಯನ್ನು ಹತ್ತಿರದಿಂದ ನೋಡಿದರೆ ಸುಮ್ಮನೆ ಮಲಗಿರುವವರ ಒತ್ತಡವೂ ಒಂದೇ ಸಮನೆ ಇರುವುದಿಲ್ಲ. ಮೂರು ನಾಲ್ಕು ಬಡಿತ ತಾನಾಗಿ ಏರುತ್ತದೆ, ಮತ್ತೆ ಇಳಿಯುತ್ತದೆ. ಇಟಲಿಯ ಮಿಲಾನಿನ ಸಂಶೋಧಕರು 1980ರ ದಶಕದಲ್ಲಿ ಈ ಸಹಜ ಏರಿಳಿತಗಳನ್ನೇ ಪರೀಕ್ಷೆಯಾಗಿ ಬಳಸಿದರು. ಸತತ ಮೂರು ಅಥವಾ ಹೆಚ್ಚು ಬಡಿತಗಳಲ್ಲಿ ಒತ್ತಡ ಏರುತ್ತ ಬಡಿತದ ಅಂತರವೂ ಹಿಗ್ಗುತ್ತ ಹೋದ ತುಣುಕುಗಳನ್ನು, ಹಾಗೆಯೇ ಎರಡೂ ಇಳಿದ ತುಣುಕುಗಳನ್ನು ಕಂಪ್ಯೂಟರು ಹೆಕ್ಕುತ್ತದೆ. ಅವುಗಳ ಇಳಿಜಾರುಗಳ ಸರಾಸರಿಯೇ ಸೂಕ್ಷ್ಮತೆ. ಬೆಕ್ಕುಗಳಲ್ಲಿ ಒತ್ತಡಗ್ರಾಹಕಗಳ ನರಗಳನ್ನು ಕತ್ತರಿಸಿದ ಮೇಲೆ ಇಂಥ ತುಣುಕುಗಳು ಬಹುಮಟ್ಟಿಗೆ ಮಾಯವಾದವು. ಈ ವಿಧಾನ ನಿಜಕ್ಕೂ ಬ್ಯಾರೋರಿಫ್ಲೆಕ್ಸನ್ನೇ ನೋಡುತ್ತಿದೆ ಎಂಬುದಕ್ಕೆ ಇದು ಬಲವಾದ ಸಾಕ್ಷ್ಯ.

ಇನ್ನೊಂದು ದಾರಿ ತರಂಗಗಳದು. ಒತ್ತಡದಲ್ಲಿ ಸುಮಾರು 10 ಸೆಕೆಂಡಿಗೊಮ್ಮೆ ಏರಿಳಿಯುವ ನಿಧಾನ ಅಲೆಯೊಂದಿದೆ. 1876ರಲ್ಲಿ ಅದನ್ನು ವಿವರಿಸಿದ ಸಿಗ್ಮಂಡ್ ಮೇಯರ್ ಅವರ ಹೆಸರು ಅದಕ್ಕಿದೆ. ಉಸಿರಾಟದ ಜೊತೆ ಸಾಗುವ ವೇಗದ ಅಲೆ ಇನ್ನೊಂದು. ಒತ್ತಡದ ಅಲೆ ಎಷ್ಟು ದೊಡ್ಡದು, ಅದೇ ಆವರ್ತದಲ್ಲಿ ಬಡಿತದ ಅಂತರದ ಅಲೆ ಎಷ್ಟು ದೊಡ್ಡದು ಎಂದು ಗಣಿತದಿಂದ ಬಿಡಿಸಿ, ಅವುಗಳ ಅನುಪಾತ ಕಂಡುಹಿಡಿಯುತ್ತಾರೆ. ಎರಡು ಅಲೆಗಳ ನಡುವೆ ಸಾಕಷ್ಟು ಹೊಂದಾಣಿಕೆ, ಸಾಮಾನ್ಯವಾಗಿ 0.5ಕ್ಕಿಂತ ಹೆಚ್ಚು, ಇದ್ದರೆ ಮಾತ್ರ ಉತ್ತರವನ್ನು ಒಪ್ಪುತ್ತಾರೆ.

ಇಲ್ಲಿ ಉಸಿರಾಟ ದೊಡ್ಡ ತೊಡಕು. ನಿಮಿಷಕ್ಕೆ 6 ಸಲ ಉಸಿರಾಡಿದರೆ ಉಸಿರಿನ ಅಲೆಯೂ ಮೇಯರ್ ಅಲೆಯೂ ಒಂದರ ಮೇಲೊಂದು ಕೂಡಿಕೊಂಡು, ಅಂಕಿ ಏರುತ್ತದೆ. 2001ರಲ್ಲಿ ಇಟಲಿಯ ಲೂಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು 23 ಆರೋಗ್ಯವಂತರಲ್ಲಿ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ 'ಓಂ ಮಣಿ ಪದ್ಮೇ ಹುಂ' ಮಂತ್ರವನ್ನೂ ಪರೀಕ್ಷಿಸಿದರು. ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಸಿದವು, ಬ್ಯಾರೋರಿಫ್ಲೆಕ್ಸ್ ಸೂಕ್ಷ್ಮತೆಯೂ ಹೆಚ್ಚಿತು. ಪ್ರಾಣಾಯಾಮದ ಬಗ್ಗೆ ಬರೆಯುವವರು ಇದನ್ನು ಪದೇಪದೇ ಉಲ್ಲೇಖಿಸುತ್ತಾರೆ. ನಿಧಾನದ ಉಸಿರು ಒಳ್ಳೆಯದೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಹೊತ್ತಿನ ಅಂಕಿ ಏರಿದ್ದನ್ನು ಕಾಯಿಲೆ ಗುಣವಾದ ಲಕ್ಷಣವೆಂದು ಓದಬಾರದು, ಮಾತ್ರೆ ನಿಲ್ಲಿಸುವುದಕ್ಕಂತೂ ಅದು ಆಧಾರವಾಗದು.

ಸಹಜ ಏರಿಳಿತದ ವಿಧಾನಗಳಲ್ಲಿ ಇನ್ನೂ ಗಂಭೀರವಾದ ತೊಂದರೆಯೊಂದಿದೆ. 2004ರಲ್ಲಿ ಪ್ರಕಟವಾದ ಯುರೋಬವಾರ್ ಅಧ್ಯಯನದಲ್ಲಿ 11 ಕೇಂದ್ರಗಳು ಒಂದೇ ದಾಖಲೆಗಳನ್ನು 21 ಬಗೆಯ ಲೆಕ್ಕಗಳಿಂದ ವಿಶ್ಲೇಷಿಸಿದವು. ಪರೀಕ್ಷೆಗೆ ಒಳಗಾದವರಲ್ಲಿ ಬಹುತೇಕರ ವಿಷಯದಲ್ಲಿ ಉತ್ತರಗಳು ಒಂದಕ್ಕೊಂದು ಹತ್ತಿರವಿದ್ದವು. ಆದರೆ ಬ್ಯಾರೋರಿಫ್ಲೆಕ್ಸ್ ನಿಜವಾಗಿ ಕೆಟ್ಟಿದ್ದವರ ದಾಖಲೆಗಳಲ್ಲಿ ಕೆಲವು ಲೆಕ್ಕಗಳಿಗೆ ಉತ್ತರವೇ ಸಿಗಲಿಲ್ಲ, ಏಕೆಂದರೆ ಹೆಕ್ಕಲು ತಕ್ಕ ತುಣುಕುಗಳೇ ಇರಲಿಲ್ಲ. ಪರೀಕ್ಷೆ ಯಾರಿಗೆ ಹೆಚ್ಚು ಬೇಕೋ ಅವರಲ್ಲೇ ಅದು ಕೈಕೊಡುತ್ತದೆ. ಗುಂಪುಗಳನ್ನು ಹೋಲಿಸುವ ಸಂಶೋಧನೆಗೆ ಈ ವಿಧಾನಗಳು ತಕ್ಕವು. ಒಬ್ಬ ರೋಗಿಯ ಭವಿಷ್ಯ ಹೇಳಲು ಇವನ್ನಷ್ಟೇ ನಂಬುವುದು ಸರಿಯಲ್ಲ.

ವಾಲ್ಸಾಲ್ವಾ ಪರೀಕ್ಷೆ

ಇಟಲಿಯ ಆಂಟೋನಿಯೊ ಮಾರಿಯಾ ವಾಲ್ಸಾಲ್ವಾ 1704ರಲ್ಲಿ ಕಿವಿಯ ಬಗ್ಗೆ ಬರೆದ ಗ್ರಂಥದಲ್ಲಿ ಮೂಗುಬಾಯಿ ಮುಚ್ಚಿ ಉಸಿರು ಒತ್ತುವ ಕ್ರಮವನ್ನು ಹೇಳಿದ್ದು ನಡುಗಿವಿಯ ಕೀವನ್ನು ಹೊರಹಾಕುವುದಕ್ಕಾಗಿ. ಅದೇ ಇಂದು ಬ್ಯಾರೋರಿಫ್ಲೆಕ್ಸಿನ ಅತಿ ಉಪಯುಕ್ತ ಪರೀಕ್ಷೆಗಳಲ್ಲಿ ಒಂದು. ರೋಗಿ ಒತ್ತಡಮಾಪಕಕ್ಕೆ ಜೋಡಿಸಿದ ಕೊಳವೆಯೊಳಕ್ಕೆ ಊದಿ, ಮುಳ್ಳನ್ನು 40 ಮಿ.ಮೀ.ಯಲ್ಲಿ 15 ಸೆಕೆಂಡು ನಿಲ್ಲಿಸಬೇಕು. ಕೆನ್ನೆಯಿಂದ ಊದಿ ಮೋಸ ಮಾಡದಂತೆ ಕೊಳವೆಯಲ್ಲಿ ಸಣ್ಣ ಸೋರಿಕೆ ಇಟ್ಟಿರುತ್ತಾರೆ. ಎದೆಯಿಂದ ಒತ್ತಿದರೆ ಮಾತ್ರ ಮುಳ್ಳು ನಿಲ್ಲುತ್ತದೆ.

ಬೆರಳಿನ ಪಟ್ಟಿಯ ದಾಖಲೆಯಲ್ಲಿ ನಾಲ್ಕು ಹಂತಗಳು ಕಾಣುತ್ತವೆ. ಊದಲು ಶುರುಮಾಡಿದೊಡನೆ ಎದೆಯೊಳಗಿನ ಒತ್ತಡ ಮಹಾಪಧಮನಿಯನ್ನು ಅದುಮಿ, ರಕ್ತದೊತ್ತಡ ಒಂದು ಕ್ಷಣ ಏರುತ್ತದೆ. ಆಮೇಲೆ ಹೃದಯಕ್ಕೆ ರಕ್ತ ಮರಳದೆ ಒತ್ತಡ ಇಳಿಯುತ್ತ ಹೋಗುತ್ತದೆ, ನಾಡಿ ಏರುತ್ತದೆ. ಏಳೆಂಟು ಸೆಕೆಂಡು ಕಳೆಯುವಷ್ಟರಲ್ಲಿ ಇಳಿತ ನಿಂತು ಒತ್ತಡ ತಿರುಗಿ ಮೇಲೇರತೊಡಗುತ್ತದೆ, ಊದುವುದು ಇನ್ನೂ ನಡೆದಿರುವಾಗಲೇ. ರಕ್ತನಾಳಗಳು ಬಿಗಿದುಕೊಂಡವೆಂಬುದಕ್ಕೆ ಈ ತಿರುವೇ ಗುರುತು. ಊದುವುದು ನಿಂತಾಗ ಒಂದೆರಡು ಬಡಿತ ಒತ್ತಡ ಕುಸಿಯುತ್ತದೆ. ಬಳಿಕ ತುಂಬಿಬಂದ ರಕ್ತವನ್ನು ಹೃದಯ ಇನ್ನೂ ಬಿಗಿಯಾಗಿಯೇ ಇರುವ ನಾಳಗಳೊಳಕ್ಕೆ ದೂಡುವುದರಿಂದ ಒತ್ತಡ ಮೊದಲಿನ ಮಟ್ಟವನ್ನು ಮೀರಿ ಚಿಮ್ಮುತ್ತದೆ, ನಾಡಿ ಥಟ್ಟನೆ ನಿಧಾನವಾಗುತ್ತದೆ.

ಸಿಂಪಥೆಟಿಕ್ ನರಗಳು ಸೋತವರಲ್ಲಿ ನಡುವಿನ ಆ ತಿರುವು ಇರುವುದಿಲ್ಲ, ಕೊನೆಯ ಚಿಮ್ಮುವಿಕೆಯೂ ಇರುವುದಿಲ್ಲ; ಒತ್ತಡ ಮೊದಲ ಮಟ್ಟಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ತೀವ್ರ ಹೃದಯ ವೈಫಲ್ಯದಲ್ಲಿ ಊದಿದಷ್ಟು ಹೊತ್ತೂ ಒತ್ತಡ ಏರಿಯೇ ಇದ್ದು, ದಾಖಲೆ ಚೌಕಾಕಾರ ತಾಳುತ್ತದೆ. ಒಂದೇ ಪರೀಕ್ಷೆಯಲ್ಲಿ ಬಡಿತವನ್ನು ಬದಲಿಸುವ ಹೃದಯದ ತೋಳೂ ನಾಳಗಳನ್ನು ಬಿಗಿಗೊಳಿಸುವ ರಕ್ತನಾಳದ ತೋಳೂ ಬೇರೆಬೇರೆಯಾಗಿ ಕಾಣುವುದರಿಂದ ಇದು ಬಹಳ ಬೆಲೆಯುಳ್ಳದ್ದು. ಆದರೆ ಒತ್ತಡದ ದಾಖಲೆ ಇಲ್ಲದ ಕಡೆ ಇಸಿಜಿಯಿಂದ ಅತಿ ಹೆಚ್ಚಿನ ನಾಡಿಗೂ ಕಡಿಮೆ ನಾಡಿಗೂ ಇರುವ ಅನುಪಾತವನ್ನಷ್ಟೇ ಲೆಕ್ಕ ಹಾಕುತ್ತಾರೆ. 1.21 ಅಥವಾ ಹೆಚ್ಚಿದ್ದರೆ ಸಹಜವೆಂದು ಬಹಳ ಕಡೆ ಬಳಕೆ. ಹಾಗೆ ಮಾಡಿದಾಗ ಪರೀಕ್ಷೆಯ ಅರ್ಧ ತಿರುಳು ಕೈತಪ್ಪುತ್ತದೆ. ಮಧುಮೇಹದಿಂದ ಕಣ್ಣಿನ ಅಕ್ಷಿಪಟದಲ್ಲಿ ಹೊಸ ರಕ್ತನಾಳ ಬೆಳೆದಿರುವವರಿಗೆ ರಕ್ತಸ್ರಾವದ ಭಯದಿಂದ ಈ ಪರೀಕ್ಷೆ ಮಾಡುವುದಿಲ್ಲ.

ನಿಲ್ಲುವುದು, ಓರೆಮೇಜು, ನಿರ್ವಾತ ಪೆಟ್ಟಿಗೆ

ಎಡಿನ್‌ಬರೊದ ಡೇವಿಡ್ ಯೂಯಿಂಗ್ ಮತ್ತು ಬೇಸಿಲ್ ಕ್ಲಾರ್ಕ್ ಮಧುಮೇಹಿಗಳಿಗಾಗಿ 1982ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದ ಐದು ಸರಳ ಪರೀಕ್ಷೆಗಳು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ನಿಮಿಷಕ್ಕೆ 6 ಆಳವಾದ ಉಸಿರಾಟದಲ್ಲಿ ನಾಡಿಯ ಏರಿಳಿತ, ವಾಲ್ಸಾಲ್ವಾ ಅನುಪಾತ, ಎದ್ದು ನಿಂತಾಗ ಸುಮಾರು 15ನೆಯ ಮತ್ತು 30ನೆಯ ಬಡಿತಗಳ ಅಂತರದ ಅನುಪಾತ, ನಿಂತಾಗ ಒತ್ತಡದ ಇಳಿತ, ಮುಷ್ಟಿ ಬಿಗಿಹಿಡಿದಾಗ ವ್ಯಾಕೋಚನ ಒತ್ತಡದ ಏರಿಕೆ. ಮೊದಲ ಮೂರು ಹೆಚ್ಚಾಗಿ ವೇಗಸ್ ನರವನ್ನು, ಕೊನೆಯ ಎರಡು ಸಿಂಪಥೆಟಿಕ್ ನರಗಳನ್ನು ತೋರಿಸುತ್ತವೆ. ಮುಷ್ಟಿಯ ಪರೀಕ್ಷೆ ಬ್ಯಾರೋರಿಫ್ಲೆಕ್ಸಿನದಲ್ಲ, ಸ್ನಾಯುವಿನಿಂದ ಹೊರಡುವ ಬೇರೆ ಪರಾವರ್ತಿತ ಕ್ರಿಯೆಯದು. ಮಂಜಿನ ನೀರಿನಲ್ಲಿ ಕೈಯಿಡಿಸುವ ಪರೀಕ್ಷೆಯೂ ಹಾಗೆಯೇ. ಆದರೂ ಅವು ರೋಗದ ಜಾಗ ಹಿಡಿಯಲು ಬೇಕು: ಮಂಜಿನ ನೀರಿಗೆ ಒತ್ತಡ ಏರುತ್ತದೆ, ನಿಂತಾಗ ಮಾತ್ರ ಕುಸಿಯುತ್ತದೆ ಎಂದಾದರೆ, ಹೊರಹೋಗುವ ನರಗಳು ಸರಿಯಿದ್ದು ಒಳಬರುವ ಸುದ್ದಿಯಲ್ಲೋ ಮೆಡುಲ್ಲಾದಲ್ಲೋ ದೋಷವಿದೆಯೆಂದು ಊಹಿಸಬಹುದು.

ನಿಂತು ಅಥವಾ ಕನಿಷ್ಠ 60 ಡಿಗ್ರಿ ಓರೆಮಾಡಿದ ಮೇಜಿನ ಮೇಲೆ 3 ನಿಮಿಷದೊಳಗೆ ಸಂಕೋಚನ ಒತ್ತಡ 20 ಮಿ.ಮೀ. ಅಥವಾ ವ್ಯಾಕೋಚನ ಒತ್ತಡ 10 ಮಿ.ಮೀ. ಬಿಡದೆ ಇಳಿದಿದ್ದರೆ ಅದು ನಿಂತಾಗಿನ ಒತ್ತಡಕುಸಿತ. ಆ ಇಳಿತಕ್ಕೆ ನಾಡಿ ಎಷ್ಟು ಏರಿತೆಂದು ನೋಡುವುದು ಅಷ್ಟೇ ಮುಖ್ಯ. ಒತ್ತಡ 30 ಮಿ.ಮೀ. ಇಳಿದರೂ ನಾಡಿ ಐದಾರು ಬಡಿತವಷ್ಟೇ ಏರಿದರೆ ದೋಷ ನರಗಳಲ್ಲಿರುವ ಸಂಭವ ಹೆಚ್ಚು. ನಾಡಿ ಇಪ್ಪತ್ತೈದು ಮೂವತ್ತು ಏರಿದರೆ ವಾಂತಿಭೇದಿಯಿಂದ ನೀರು ಬತ್ತಿರಬಹುದು, ರಕ್ತ ಹೋಗಿರಬಹುದು, ಮಾತ್ರೆ ಅತಿಯಾಗಿರಬಹುದು. ಪ್ರತಿ ಮಿ.ಮೀ. ಇಳಿತಕ್ಕೆ ನಾಡಿಯ ಏರಿಕೆ ಅರ್ಧ ಬಡಿತಕ್ಕಿಂತ ಕಡಿಮೆಯೇ ಎಂಬ ಈ ಲೆಕ್ಕಕ್ಕೆ ಗಡಿಯಾರವೂ ಒತ್ತಡಮಾಪಕವೂ ಸಾಕು.

ಓರೆಮೇಜಿನ ದೀರ್ಘ ಪರೀಕ್ಷೆ 1986ರಲ್ಲಿ ಲಂಡನ್ನಿನ ವೈದ್ಯರ ವರದಿಯ ನಂತರ ಮೂರ್ಛೆಯ ತಪಾಸಣೆಗೆ ಬಂತು. ರೋಗಿಯನ್ನು ಪಟ್ಟಿಯಿಂದ ಬಿಗಿದು 60ರಿಂದ 70 ಡಿಗ್ರಿಗೆ ಎತ್ತಿ, ಅರ್ಧ ಗಂಟೆಗೂ ಮಿಕ್ಕಿ ಗಮನಿಸುತ್ತಾರೆ. ಕಾಲಿನ ಸ್ನಾಯುಗಳು ಕೆಲಸ ಮಾಡದಿರುವುದರಿಂದ ಪೂರ್ತಿ ಭಾರ ಪರಾವರ್ತಿತ ಕ್ರಿಯೆಯ ಮೇಲೆ ಬೀಳುತ್ತದೆ. ಸೊಂಟದಿಂದ ಕೆಳಗೆ ಗಾಳಿ ಹೀರುವ ಪೆಟ್ಟಿಗೆಯಲ್ಲಿ ಮಲಗಿಸುವ ವಿಧಾನವಂತೂ ಮಲಗಿದ್ದಲ್ಲೇ ನಿಂತ ಅನುಭವ ಕೊಡುತ್ತದೆ. 20 ಮಿ.ಮೀ.ಯಷ್ಟು ಹೀರಿದರೆ ಮುಖ್ಯವಾಗಿ ಹೃದಯ-ಶ್ವಾಸಕೋಶದ ಗ್ರಾಹಕಗಳು, 40ಕ್ಕೂ ಮೇಲೆ ಅಪಧಮನಿಯ ಗ್ರಾಹಕಗಳೂ ಎಚ್ಚರಗೊಳ್ಳುತ್ತವೆ. ಗುರುತ್ವವಿಲ್ಲದ ಕಡೆ ಎದ್ದು ನಿಲ್ಲುವ ಮಾತೇ ಇಲ್ಲವಾದ್ದರಿಂದ ಅಮೆರಿಕದ ಸ್ಕೈಲ್ಯಾಬ್ 1973-74ರಲ್ಲಿ ಈ ಪೆಟ್ಟಿಗೆಯನ್ನು ಹೊತ್ತೊಯ್ದಿತ್ತು. ರಷ್ಯದ ಗಗನಯಾತ್ರಿಗಳು ಬಳಸುವ ಚಿಬಿಸ್ ಉಡುಪಿನ ತತ್ತ್ವವೂ ಇದೇ. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆ ವಿಮಾನ ಚಾಲಕರ ಇಂಥ ಸಹನಶಕ್ತಿಯನ್ನು ಅಧ್ಯಯನ ಮಾಡುತ್ತದೆ. ಸ್ವಯಂಚಾಲಿತ ನರಮಂಡಲದ ಕಾಯಿಲೆಗಳ ಪರೀಕ್ಷೆಗೆಂದೇ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ಪ್ರಯೋಗಾಲಯವಿದೆ.

ನರದಿಂದಲೇ ಕೇಳುವುದು

ಸ್ವೀಡನ್ನಿನ ಉಪ್ಸಲಾದಲ್ಲಿ ಕಾರ್ಲ್-ಎರಿಕ್ ಹಾಗ್‌ಬಾರ್ತ್ ಮತ್ತು ಓಕೆ ವಾಲ್‌ಬೋ 1960ರ ದಶಕದ ಮಧ್ಯದಲ್ಲಿ ಟಂಗ್‌ಸ್ಟನ್ನಿನ ಸೂಜಿಗಳನ್ನು ತಮ್ಮದೇ ನರಗಳಿಗೆ ತೂರಿಸಿಕೊಂಡು ಸ್ನಾಯುಗಳ ಸಂವೇದನೆಯನ್ನು ಅಧ್ಯಯನ ಮಾಡುತ್ತಿದ್ದರು. ಅದೇ ಸೂಜಿಯಿಂದ ಸಿಂಪಥೆಟಿಕ್ ನರಗಳ ಸಂಕೇತವನ್ನೂ ಹಿಡಿಯಬಹುದೆಂದು ಬೇಗ ಗೊತ್ತಾಯಿತು. ಮೊಣಕಾಲಿನ ಹೊರಬದಿಯಲ್ಲಿ, ಚರ್ಮದ ಕೆಳಗೇ ಹಾದುಹೋಗುವ ಪೆರೋನಿಯಲ್ ನರಕ್ಕೆ ಸೂಜಿಯನ್ನು ಕೈಯಿಂದಲೇ ಎಳೆ ಎಳೆಯಾಗಿ ಸರಿಸುತ್ತಾರೆ. ಸರಿಯಾದ ಜಾಗ ಸಿಕ್ಕಾಗ ಸ್ಪೀಕರಿನಲ್ಲಿ ನಾಡಿಯ ಲಯಕ್ಕೆ ಹೊಂದಿ ಬರುವ ಬುಸುಗುಟ್ಟುವ ಸದ್ದು ಕೇಳುತ್ತದೆ. ಒತ್ತಡ ತುಸು ಇಳಿದರೆ ಸದ್ದು ದಟ್ಟವಾಗುತ್ತದೆ, ಏರಿದರೆ ಅಡಗುತ್ತದೆ. ಬ್ಯಾರೋರಿಫ್ಲೆಕ್ಸ್ ಕೆಲಸ ಮಾಡುವುದನ್ನು ಇಷ್ಟು ನೇರವಾಗಿ ತೋರಿಸುವ ವಿಧಾನ ಮತ್ತೊಂದಿಲ್ಲ.

ವ್ಯಾಕೋಚನ ಒತ್ತಡದ ಪ್ರತಿ ಮಟ್ಟದಲ್ಲೂ ನೂರು ಬಡಿತಗಳಿಗೆ ಎಷ್ಟು ಸಲ ನರ ಸಿಡಿಯಿತೆಂದು ಎಣಿಸಿ ಇಳಿಜಾರು ಬರೆದರೆ ರಕ್ತನಾಳದ ತೋಳಿನ ಸೂಕ್ಷ್ಮತೆ ಸಿಗುತ್ತದೆ. ಒಬ್ಬರಲ್ಲೇ ಹೃದಯದ ತೋಳಿನ ಸೂಕ್ಷ್ಮತೆ ಕಡಿಮೆಯಿದ್ದು ರಕ್ತನಾಳದ ತೋಳು ಗಟ್ಟಿಯಾಗಿರಬಹುದು. ಅಧಿಕ ಒತ್ತಡದ ಅನೇಕ ರೋಗಿಗಳಲ್ಲಿ ಕಾಣುವುದು ಇದೇ. ಮಿಲಿಸೆಕೆಂಡಿನ ಒಂದು ಅಂಕಿಯಿಂದ ಬ್ಯಾರೋರಿಫ್ಲೆಕ್ಸ್ ಪೂರಾ ಕೆಟ್ಟಿದೆ ಎಂದು ತೀರ್ಪು ಕೊಡಬಾರದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಕಾರಣ ಬೇಕಿಲ್ಲ. ಆದರೆ ಸೂಜಿ ಕೂರಿಸಲು ಗಂಟೆಯೇ ಹಿಡಿಯಬಹುದು, ವರ್ಷಗಳ ಕೈಪಳಗಿಕೆ ಬೇಕು, ರೋಗಿ ಕಾಲು ಅಲ್ಲಾಡಿಸಿದರೆ ಮತ್ತೆ ಮೊದಲಿನಿಂದ ಶುರು. ಹೀಗಾಗಿ ಇದು ಸಂಶೋಧನೆಯ ಕೋಣೆಯಿಂದ ಹೊರಬಂದಿಲ್ಲ.

ಅಂಕಿಗಳ ಬೆಲೆ

ಈ ಅಳತೆಗೆ ವೈದ್ಯಲೋಕದಲ್ಲಿ ದೊಡ್ಡ ತೂಕ ಬಂದದ್ದು 1998ರ ಅಟ್ರಾಮಿ ಅಧ್ಯಯನದಿಂದ. ಇತ್ತೀಚೆಗೆ ಹೃದಯಾಘಾತವಾಗಿದ್ದ 1284 ಮಂದಿಗೆ ಫಿನೈಲ್‌ಎಫ್ರಿನ್ ಪರೀಕ್ಷೆ ಮಾಡಿ, ಸರಾಸರಿ 21 ತಿಂಗಳು ಅವರನ್ನು ಗಮನಿಸಲಾಯಿತು. ಸೂಕ್ಷ್ಮತೆ ಪ್ರತಿ ಮಿ.ಮೀ.ಗೆ 3 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರಲ್ಲಿ ಹೃದಯಸಂಬಂಧಿ ಸಾವಿನ ಅಪಾಯ ಗಣನೀಯವಾಗಿ ಹೆಚ್ಚಿತ್ತು. ಇಲ್ಲಿ ಹೃದಯದ ತೋಳನ್ನು ಅಳೆದದ್ದೇ ಸರಿ. ವೇಗಸ್ ನರ ಹೃದಯವನ್ನು ಮಾರಕ ಲಯದೋಷದಿಂದ ಕಾಯುತ್ತದೆ, ಕಡಿಮೆ ಅಂಕಿ ಆ ರಕ್ಷಣೆ ಸೋತದ್ದನ್ನು ಹೇಳುತ್ತದೆ.

ದೀರ್ಘಕಾಲದ ಅಧಿಕ ರಕ್ತದೊತ್ತಡದ ಮೂಲವನ್ನು ಮಾತ್ರ ಈ ಅಂಕಿಯಲ್ಲಿ ಹುಡುಕಬಾರದು. 1956ರಲ್ಲಿ ಮೆಕ್‌ಕಬ್ಬಿನ್, ಗ್ರೀನ್ ಮತ್ತು ಪೇಜ್ ತೋರಿಸಿದಂತೆ, ಒತ್ತಡ ಬಹುದಿನ ಏರಿಯೇ ಇದ್ದರೆ ಗ್ರಾಹಕಗಳು ಆ ಮಟ್ಟವನ್ನೇ ಸಹಜವೆಂದು ಒಪ್ಪಿ, ಅಲ್ಲಿಂದಾಚೆಯ ಏರಿಳಿತವನ್ನು ಕಾಯತೊಡಗುತ್ತವೆ. 1973ರಲ್ಲಿ ಕೌಲಿ, ಲಿಯಾರ್ ಮತ್ತು ಗೈಟನ್ ನಾಯಿಗಳಲ್ಲಿ ಗ್ರಾಹಕಗಳ ನರಗಳನ್ನೆಲ್ಲ ಕತ್ತರಿಸಿ ಇಡೀ ದಿನದ ಒತ್ತಡ ದಾಖಲಿಸಿದಾಗ ಸರಾಸರಿ ಹೆಚ್ಚೇನೂ ಏರಿರಲಿಲ್ಲ, ಏರಿಳಿತ ಮಾತ್ರ ವಿಪರೀತವಾಗಿತ್ತು. ಬ್ಯಾರೋರಿಫ್ಲೆಕ್ಸ್ ಕ್ಷಣಕ್ಷಣದ ಕಾವಲಿಗೆ. ವರ್ಷಗಳ ಮಟ್ಟವನ್ನು ನಿರ್ಧರಿಸುವುದರಲ್ಲಿ ಮೂತ್ರಪಿಂಡದ ಪಾಲು ದೊಡ್ಡದು. ಕುತ್ತಿಗೆಯ ಶಸ್ತ್ರಕ್ರಿಯೆ ಅಥವಾ ವಿಕಿರಣ ಚಿಕಿತ್ಸೆಯಿಂದ ಈ ನರಗಳನ್ನು ಕಳೆದುಕೊಂಡವರಲ್ಲೂ ಒತ್ತಡ ಹೀಗೆಯೇ ಹುಚ್ಚೆದ್ದು ಏರಿಳಿಯುತ್ತದೆ.

ಪರೀಕ್ಷೆ ಯಾವುದಾದರೂ ಸಿದ್ಧತೆ ಒಂದೇ. ಅಂದು ಬೆಳಗ್ಗೆ ಕಾಫಿ, ಟೀ, ಸಿಗರೇಟು ಬೇಡ. ಹೊಟ್ಟೆ ಬಿರಿಯ ಊಟ ಮಾಡಿರಬಾರದು. ಕೋಣೆ ಹಿತವಾಗಿ ಬೆಚ್ಚಗಿರಬೇಕು. ಹತ್ತು ಹದಿನೈದು ನಿಮಿಷ ಮಲಗಿ ವಿಶ್ರಮಿಸಬೇಕು. ಬೀಟಾ ತಡೆಗಳು, ಖಿನ್ನತೆಯ ಕೆಲವು ಮಾತ್ರೆಗಳು, ಪ್ರಾಸ್ಟೇಟಿಗೆ ಕೊಡುವ ಆಲ್ಫಾ ತಡೆಗಳು ಉತ್ತರವನ್ನು ಬದಲಿಸುತ್ತವೆ. ಅವನ್ನು ನಿಲ್ಲಿಸಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು.

ಫಿನೈಲ್‌ಎಫ್ರಿನ್, ಕುತ್ತಿಗೆಯ ಕವಚ, ಟಂಗ್‌ಸ್ಟನ್ ಸೂಜಿ ಇವೆಲ್ಲ ದೊಡ್ಡ ಸಂಸ್ಥೆಗಳಲ್ಲಷ್ಟೇ ಸಿಗುತ್ತವೆ. ರೋಗಿಯನ್ನು ನಿಲ್ಲಿಸಿ ಒತ್ತಡ ನೋಡುವುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಾಧ್ಯ, ಆದರೂ ಬಹಳ ಕಡೆ ಕುರ್ಚಿಯಲ್ಲಿ ಕೂರಿಸಿ ಒಮ್ಮೆ ಅಳೆದು ಮುಗಿಸುತ್ತಾರೆ. ಮಧುಮೇಹ ಅಥವಾ ಪಾರ್ಕಿನ್ಸನ್ ಕಾಯಿಲೆ ಇರುವವರು, ಒತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ 1 ನಿಮಿಷಕ್ಕೂ 3 ನಿಮಿಷಕ್ಕೂ ಮತ್ತೆ ಒತ್ತಡವನ್ನೂ ನಾಡಿಯನ್ನೂ ನೋಡುವಂತೆ ಕೇಳಿಕೊಳ್ಳಿ, ಆ ಅಂಕಿಗಳನ್ನು ಬರೆದಿಟ್ಟುಕೊಳ್ಳಿ.